ಆಯಿಯ ಚಾಪೆ, ನನ್ನ ಎಡ ಭುಜ

ರೋಣದ ನಮ್ಮ ಆಯಿಯ ಪಡಸಾಲೆಯಲ್ಲಿ ಒಂದು ಚಾಪೆ ಸದಾ ಹಾಸಿಯೇ ಇರುತ್ತಿತ್ತು. ಅದರ ಮೇಲೆ ಮಲಗಲು ಬಂದವರು ನಮ್ಮನ್ನು ನಗಿಸದೆ ಹೋದ ದಿನ ಕಡಿಮೆ. ನಗಿಸಬೇಕೆಂದು ಮಾತ್ರ ಯಾರೂ ಬಂದವರಲ್ಲ. ಅಂಜಿದವರು, ಬೆಚ್ಚಿದವರು, ಹೋದವರನ್ನು ನೆನೆದು ಊಟ ಬಿಟ್ಟವರು ಬರುತ್ತಿದ್ದರು. ಅಂಜಿಕೆ ತಲೆಯಲ್ಲಿರುವುದಿಲ್ಲ, ಮೈಯಲ್ಲಿ ಎಲ್ಲೋ ಒಂದು ಕಡೆ ಹೋಗಿ ಕೂತಿರುತ್ತದೆ, ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಎಬ್ಬಿಸಬೇಕು ಎನ್ನುವುದು ಆಯಿಯ ಮತ.

ನಾನು ಅಲ್ಲಿಗೆ ಬಂದದ್ದು ಐವತ್ತರ ದಶಕದಲ್ಲಿ, ಹದಿನೇಳನೆಯ ವಯಸ್ಸಿಗೆ, ಎಡ ಭುಜವನ್ನು ಕಿವಿಯ ಹತ್ತಿರ ಏರಿಸಿಕೊಂಡು. ಬೆಳಗಾವಿಯ ಇಂಗ್ಲಿಷ್ ಶಾಲೆಯ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಅವ್ವ ಹೋದ ಸುದ್ದಿ ಬಂದು, ನಾನು ಮನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ನಾನು ಅಳಲಿಲ್ಲ. ಭುಜ ಏರಿತು, ಏರಿದ್ದು ಇಳಿಯಲಿಲ್ಲ. ಹುಬ್ಬಳ್ಳಿಯ ಡಾಕ್ಟರರು ಎಲುಬಿನಲ್ಲಿ ಏನೂ ದೋಷವಿಲ್ಲ ಎಂದರು. ಅಪ್ಪ ನನ್ನನ್ನು ಅವ್ವನ ಅವ್ವನಾದ ಆಯಿಯ ಹತ್ತಿರ ಬಿಟ್ಟುಹೋದರು. ಆಯಿ ದಿನಾ ತಿಕ್ಕಿದಳು. ಎಂಟು ತಿಂಗಳಾದರೂ ಭುಜ ಅಲ್ಲೇ. ಚಾಪೆಯ ಪಕ್ಕದಲ್ಲಿ ಎಣ್ಣೆ ಕಾಸಿ ಕೊಡುತ್ತ, ಉಳಿದವರ ಭಾರ ಇಳಿಯುವುದನ್ನು ನೋಡುತ್ತ ಕೂತಿರುತ್ತಿದ್ದೆ.

ಎಲ್ಲಿ ಕುಂತೈತಿ?

ಸವಡಿಯ ಒಬ್ಬ ರೈತನನ್ನು ಹೋರಿಯೊಂದು ಹೊಲದ ತುಂಬ ಅಟ್ಟಾಡಿಸಿತ್ತು. ಅಂದಿನಿಂದ ಅವನಿಗೆ ಮಾತಿಲ್ಲ. ಮನೆಯವರೆಲ್ಲ ಕೂಡಿ ಕರೆದುತಂದರು.

ಆಯಿ ಅವನನ್ನು ಮಲಗಿಸಿ, "ಅಂಜಿಕಿ ಎಲ್ಲಿ ಕುಂತೈತಿ, ತಮ್ಮಾ?" ಎಂದಳು.

"ಎದ್ಯಾಗ್ರಿ," ಎಂದಳು ಹೆಂಡತಿ.

"ಎದ್ಯಾಗ ಅಲ್ಲ, ಹೊಟ್ಟ್ಯಾಗ. ಹಡದಾಕಿ ನಾನು, ನನಗ ಗೊತ್ತಿಲ್ಲೇನು?" ಎಂದಳು ತಾಯಿ.

"ಕಾಲಾಗ ಐತ್ರಿ. ಓಡೂದು ನಾ ನೋಡೇನಿ," ಎಂದ ಅಣ್ಣ.

ಎದೆ, ಹೊಟ್ಟೆ, ಕಾಲುಗಳಿಗೆ ಜಗಳ ಹತ್ತಿ ಓಣಿಯ ಮಂದಿ ಕೂಡಿದರು. ಆಯಿ ಎದ್ದು ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿ, "ಈಗ ನೀ ಹೇಳು," ಎಂದಳು.

ಅವನು ಬಾಗಿಲ ಕಡೆ ಒಮ್ಮೆ ನೋಡಿ, ಇಪ್ಪತ್ತು ದಿನಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟ: "ಆಯೀ, ಈಗ ಹೊರಗ ಹೋತಲ್ಲ, ಅದ."

ನಡುಗಲಿ ಬಿಡ್ರಿ

ಕೊಣ್ಣೂರಿನ ಒಬ್ಬಾತ ಮಲಪ್ರಭೆಯ ಹೊಳೆಗೆ ಸಿಕ್ಕು ಬದುಕಿ ಬಂದಿದ್ದ. ಅವನನ್ನು ಜಗ್ಗಿ ತೆಗೆದ ಅವನ ಅಳಿಯನೇ ಗಾಡಿ ಕಟ್ಟಿಕೊಂಡು ಬಂದಿದ್ದ. ಬಂದಾಗಿನಿಂದ ಅಳಿಯನದು ಒಂದೇ ಕಥೆ: ತಾನು ಹ್ಯಾಂಗ ಹಾರಿದೆ, ಹ್ಯಾಂಗ ಹಿಡಿದೆ, ತನಗೆ ಒಂದು ಎಳ್ಳಷ್ಟೂ ಅಂಜಿಕೆ ಬರಲಿಲ್ಲ.

ಆಯಿ ಮಾವನ ತೊಡೆ ಮುಟ್ಟಿದ್ದೇ ತಡ, ಅವನ ಕಾಲುಗಳು ಗಡಗಡ ನಡುಗತೊಡಗಿದವು. ಅಳಿಯ ಬಂದು ಎರಡೂ ಕಾಲು ಅದುಮಿ ಹಿಡಿದ.

"ಬಿಡು. ನಡುಗಲಿ. ನಾಯಿ ನೀರಾಗಿಂದ ಎದ್ದು ಮೈ ಝಾಡಿಸಿಕೊಳ್ಳೂದಿಲ್ಲೇನು? ಮನಷ್ಯಾನ ಯಾಕ ಹಿಡೀತೀರಿ?" ಎಂದಳು ಆಯಿ.

ಅಳಿಯ ಕೈಬಿಟ್ಟ. ಮಾವ ಚೆನ್ನಾಗಿ ನಡುಗಿ, ನಿಟ್ಟುಸಿರು ಬಿಟ್ಟು, ಕಣ್ಣು ಮುಚ್ಚಿದ. ಆದರೂ ಗಡಗಡ ಸಪ್ಪಳ ನಿಲ್ಲಲೊಲ್ಲದು. ತಿರುಗಿ ನೋಡಿದರೆ, ಗೋಡೆಗೆ ಒರಗಿದ್ದ ಅಳಿಯನ ಹಲ್ಲು.

"ನನಗೇನೂ ಆಗಿಲ್ರಿ," ಎಂದ, ಹಲ್ಲುಗಳ ನಡುವೆಯೇ.

ಆಯಿ ಮಾವನ ಬೆನ್ನು ತಟ್ಟಿದಳು. "ಸ್ವಲ್ಪ ಆಚಿ ಸರಿಯಪ್ಪಾ. ಅಂಜಿಕಿ ಇಲ್ಲದವರು ಬಂದಾರ."

ಮಾಸ್ತರರ ನಂಬಿಕೆ

ನರಗುಂದದ ಒಬ್ಬ ಮಾಸ್ತರರು ಶಾಲೆಯ ಗೋಡೆ ಬಿದ್ದ ದಿನ ಒಳಗೇ ಇದ್ದರಂತೆ. ಆಮೇಲೆ ಶಾಲೆಯ ಗಂಟೆ ಬಾರಿಸಿದರೂ ಬೆಚ್ಚುತ್ತಿದ್ದರು, ಹುಡುಗರು ನಗುತ್ತಿದ್ದರು. ಚಾಪೆಯ ಮೇಲೆ ಕೂತವರು ನನ್ನ ಕಡೆ ನೋಡಿ, "ನನಗ ಇಂಥಾದ್ರಾಗ ನಂಬಿಕಿ ಇಲ್ಲ. ಮನಿಯಾಕಿ ಕಾಟಕ್ಕ ಬಂದೇನಿ," ಎಂದರು. ಅದನ್ನೇ ಇಂಗ್ಲಿಷಿನಲ್ಲೂ ಒಮ್ಮೆ ಹೇಳಿದರು. ಆಯಿ ಅಂಗಾಲು ಹಿಡಿದಳು. ಮಾಸ್ತರರು ವಿಜ್ಞಾನದ ಬಗ್ಗೆ ಮಾತು ಶುರು ಮಾಡಿದರು. ಮಾತು ಅರ್ಧಕ್ಕೆ ನಿಂತು ಗೊರಕೆಯಾಯಿತು. ಹೊತ್ತು ಮುಳುಗುವಾಗ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, ಹೊಸ್ತಿಲಲ್ಲಿ ನಿಂತು ಕೆಮ್ಮಿದರು.

"ಮತ್ತ... ನಂಬಿಕಿ ಇಲ್ಲದವರು ನಾಳೆ ಎಷ್ಟಕ್ಕ ಬರಬೇಕ್ರಿ?"

ನನ್ನ ಮೈಯ ಭಾಷೆ

ನನ್ನದು ಬೇರೆ ಕಷ್ಟ. ಆಯಿ ಭುಜ ಮುಟ್ಟಿದರೆ ನಾನು "ಸಾರಿ" ಎನ್ನುತ್ತಿದ್ದೆ. ನೋವಾಯಿತೇ ಎಂದರೆ "ಇಲ್ಲ". ಬಿಟ್ಟರೆ "ಥ್ಯಾಂಕ್ಯೂ". ಬೋರ್ಡಿಂಗಿನಲ್ಲಿ ಕಲಿತದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ! ಅವ್ವನ ಹೆಸರು ಬಂದರೆ ಇಬ್ಬರೂ ಎಣ್ಣೆಯ ಬಟ್ಟಲು ನೋಡುತ್ತಿದ್ದೆವು.

ಒಂದು ದಿನ ಆಯಿ ಕೈ ಒರೆಸಿಕೊಂಡು ಪಕ್ಕದ ಮನೆಯವಳಿಗೆ ಹೇಳಿದಳು: "ಏನ್ ಮಾಡ್ಲಿ ತಂಗಿ, ಇಕಿ ಮೈ ಇಂಗ್ಲೀಷ್ ಮಾತಾಡತೈತಿ. ನನ್ನ ಕೈಗೆ ಬರೂದಿಲ್ಲ."

ಅಸೂಟಿಯಾಕಿ

ಒಂದು ದಿನ ಆಯಿ ನೀರು ತರಲು ಹೋದಾಗ ಅಸೂಟಿಯಿಂದ ಒಂದು ಗಾಡಿ ಬಂತು. ಅತ್ತೆ, ಸೊಸೆ, ಸೊಸೆಯ ಸಣ್ಣ ಮಗಳು. ಹುಡುಗಿ ಬಾವಿಗೆ ಬಿದ್ದಿದ್ದಳಂತೆ. ಸೊಸೆ ಇಳಿದು ಕೂದಲು ಹಿಡಿದು ಎತ್ತಿದ್ದಳು. ಮಗಳು ಗಾಡಿಯಿಂದ ಕುಪ್ಪಳಿಸಿ ಇಳಿದಳು. ಹಿಡಿದ ತಾಯಿಯ ಮುಷ್ಟಿಗಳು ಮಾತ್ರ ಅಂದಿನಿಂದ ಬಿಚ್ಚಿಲ್ಲ.

"ತಿಂಗಳಾತ್ರಿ, ರೊಟ್ಟಿ ನಾನ ಬಡೀತೇನಿ," ಎಂದಳು ಅತ್ತೆ. ಎಲ್ಲಕ್ಕಿಂತ ದೊಡ್ಡ ದುರಂತ ಅದೇ ಎನ್ನುವ ಹಾಗೆ. ನನ್ನ ಕೈಯ ಎಣ್ಣೆ ನೋಡಿ, "ಇಷ್ಟ ಸಣ್ಣಾಕಿ! ಇರಲಿ, ಕೈಗುಣಕ್ಕ ವಯಸ್ಸೆಲ್ಲೈತಿ," ಎಂದು ಸೊಸೆಯನ್ನು ಚಾಪೆಯ ಮೇಲೆ ಕೂಡಿಸಿಬಿಟ್ಟಳು.

ತಿಕ್ಕುವವಳು ನಾನಲ್ಲ ಎನ್ನಲು ನಾಚಿಕೆ. ಆ ಮುಷ್ಟಿ ಹಿಡಿದು ತಿಕ್ಕತೊಡಗಿದೆ. ಅವಳು ಕಣ್ಣು ಮುಚ್ಚಿ, "ಬಿಡಬ್ಯಾಡ, ಯವ್ವಾ," ಎಂದಳು.

ಆ ಒಂದು ಮಾತಿಗೆ ನಾನು ಅಳತೊಡಗಿದೆ. ಸಣ್ಣಗಲ್ಲ, ಎಮ್ಮೆ ಕೂಗಿದ ಹಾಗೆ. ರೋಗಿ ಗಾಬರಿಯಾಗಿ ಕಣ್ಣು ತೆರೆದಳು. "ಯಾಕ ನನ್ನವ್ವಾ?" ಎಂದು ನನ್ನನ್ನು ಹತ್ತಿರ ಎಳೆದುಕೊಂಡು, ಬೆನ್ನು ತಿಕ್ಕುತ್ತ, ಎಡ ಭುಜವನ್ನು ಅಂಗೈಯಿಂದ ಒತ್ತಿ ಹಿಡಿದಳು. ಜಡೆ ಹಾಕುವಾಗ ಅಲುಗಾಡಬಾರದೆಂದು ಅವ್ವ ಹಿಡಿಯುತ್ತಿದ್ದದ್ದು ಅದೇ ಜಾಗ. ಸೊಸೆಯ ಹತ್ತೂ ಬೆರಳು ಬಿಚ್ಚಿದ್ದವು. ನಾವಿಬ್ಬರೂ ಅದನ್ನು ಗಮನಿಸಲಿಲ್ಲ. ಅತ್ತೆ ಗಮನಿಸಿದಳು.

ಕೊಡ ಹೊತ್ತು ಬಂದ ಆಯಿಯ ಮುಂದೆ ಅವಳು ತಿಕ್ಕಿದವರಿಗೆ ಕೊಡಲೆಂದು ತಂದ ಕಾಯಿ-ಬೆಲ್ಲದ ಗಂಟನ್ನು ಮೊದಲು ಸೆರಗಿಗೆ ಸೇರಿಸಿದಳು. "ತಿಕ್ಕಿದಾಕಿ ನಮ್ಮಾಕಿ, ತಿಕ್ಕಿಸಿಕೊಂಡಾಕಿ ನಿಮ್ಮಾಕಿ. ಕಾಯಿ-ಬೆಲ್ಲ ಯಾರು ಯಾರಿಗೆ ಕೊಡಬೇಕು, ನೀವ ಹೇಳ್ರಿ."

ಆಯಿ ನನ್ನ ಎರಡೂ ಭುಜಗಳ ಮೇಲೆ ಕೈಯಿಟ್ಟು ನೋಡಿದಳು. ಒಂದೇ ಮಟ್ಟ. ಒಳಗೆ ಹೋಗಿ ಒಂದು ಇಡೀ ಬೆಲ್ಲದ ಉಂಡೆ ತಂದು ಅವರ ಗಾಡಿಯಲ್ಲಿಟ್ಟಳು.

ಎಂಟು ದಿನ ತಡೆದೆ. ಆಮೇಲೆ, ಅಸೂಟಿಗೆ ಹೋಗಿ ಆಕೆಯನ್ನೊಮ್ಮೆ ನೋಡಿ ಬರುತ್ತೇನೆ ಎಂದೆ. ಆಯಿ ಹೂಂ ಎಂದು ಗಾಡಿ ತರಿಸಿದಳು. ನಾನು ಹತ್ತಿ ಕೂತೆ. ನೋಡಿದರೆ ಎಣ್ಣೆಯ ಬಾಟಲಿ ಹಿಡಿದು ಆಯಿಯೂ ಹತ್ತುತ್ತಿದ್ದಾಳೆ.

"ನೀ ಯಾಕ, ಆಯೀ?"

"ಊರ ಮಂದಿ ಮೈಯೆಲ್ಲಾ ನಾ ತಿಕ್ಕೇನಿ. ಮಗಳನ್ನ ಕಳಕೊಂಡಾಕಿಗೂ ಒಂದು ಮೈ ಐತಿ ಅಂತ ಯಾರಿಗರ ನೆನಪಾತೇನು?"

ಗಾಡಿಯವನು ಬಾಟಲಿ ನೋಡಿ ನಕ್ಕ. "ಆಯೀ, ತಿಕ್ಕಾಕ ಹೊಂಟೀರೋ, ತಿಕ್ಕಿಸಿಕೊಳ್ಳಾಕೋ?"

"ಎಣ್ಣಿ ನಂದು, ಕೈ ಅಕೀದು. ನೀ ಲಗೂ ಎತ್ತು ಹೊಡಿ," ಎಂದಳು ಆಯಿ.