ಡೆಕ್ಕಿನ ಮೇಲೆ ಸಂಡಿಗೆ

ಹೆದರಿಕೆಗೆ ನಾವು ಎಷ್ಟು ಚೆಂದದ ಹೆಸರು ಇಟ್ಟುಕೊಂಡಿರುತ್ತೇವೆ ಅಂದರೆ, ಅದು ಹೆದರಿಕೆ ಅಂತ ನಮಗೇ ಗೊತ್ತಾಗುವುದಿಲ್ಲ. ಈ ಪರದೇಶದ ಊರು ಮಾರಿಸ್‌ವಿಲ್‌ನ ನಮ್ಮ ಮನೆಯಲ್ಲಿ ಅದರ ಹೆಸರು ‘ಸುಮ್ಮನೆ ಯಾಕೆ’. ಗ್ಯಾರೇಜ್ ಮುಂದೆ ಕೂತು ಸೊಪ್ಪು ಬಿಡಿಸಬೇಡಮ್ಮ, ಸುಮ್ಮನೆ ಯಾಕೆ. ಭಜನೆ ಮೆತ್ತಗೆ ಹೇಳಿಕೊಳ್ಳಿ ಅತ್ತೆ, ಸುಮ್ಮನೆ ಯಾಕೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಎಸೆದವಳು. ಮಗಳು ಸುಮಾ, ಅಳಿಯ ಇಬ್ಬರೂ ಓದಿದವರು, ಅವರು ಹೇಳಿದ ಮೇಲೆ ಇರಬಹುದು ಅಂತ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಸಂಡಿಗೆ ವಿಷಯದಲ್ಲಿ ಮಾತ್ರ ಆಗಲಿಲ್ಲ.

ಇಲ್ಲಿನ ಜೂನ್ ಬಿಸಿಲು ನೀವು ನೋಡಬೇಕು. ಹಿತ್ತಲ ಡೆಕ್ಕು, ಅಂದರೆ ಮರದ ಜಗುಲಿ, ಅದರ ಹಲಗೆ ಮೇಲೆ ಬರಿಗಾಲು ಇಟ್ಟರೆ ಕುಣಿಯಬೇಕು, ಹಾಗೆ ಕಾದಿರುತ್ತದೆ. ಅಷ್ಟು ಬಿಸಿಲು ದಂಡವಾಗಿ ಹೋಗುತ್ತಿದ್ದರೆ ನಾನು ಒಳಗೆ ಫ್ಯಾನಿನ ಕೆಳಗೆ ಸಂಡಿಗೆ ಒಣಗಿಸಬೇಕು. ಅದು ಒಣಗುವುದಿಲ್ಲ, ಹುಳಿಯುತ್ತದೆ. ಪ್ರತಿ ಬೇಸಿಗೆ ಕಸದ ಬುಟ್ಟಿಗೆ. ಈ ಮನೆಯಲ್ಲಿ ನನ್ನ ಕೈಯಲ್ಲಾಗುವ ಕೆಲಸ ಅದೊಂದೇ, ಉಳಿದದ್ದನ್ನೆಲ್ಲ ಮೆಷಿನ್ನು ಮಾಡುತ್ತದೆ. ಅದೂ ಹೋದರೆ ನಾನು ಸೋಫಾದ ದಿಂಬು.

“ಎಚ್‌ಓಎ ಅಂದ್ರೆ ತಮಾಷೆ ಅಲ್ಲ ಅತ್ತೆ, ಫೈನ್ ಹಾಕ್ತಾರೆ,” ಅನ್ನುತ್ತಿದ್ದರು ಅಳಿಯ. ಎಚ್‌ಓಎ ಅಂದರೆ ಬಡಾವಣೆಯ ಮನೆಗಳವರ ಸಂಘ. ಬೇಲಿಯ ಬಣ್ಣ, ಹುಲ್ಲಿನ ಎತ್ತರ ಎಲ್ಲ ಅವರದೇ ಪಾರುಪತ್ಯ. ವೀಸಾ ಕಾಲದಲ್ಲಿ ತಗ್ಗಿಸಿದ ತಲೆ, ಸಿಟಿಜನ್ ಆದರೂ ಇವರು ಎತ್ತಿರಲಿಲ್ಲ.

ಪಕ್ಕದ ಮನೆ ಎಲೇನ್ ಯಹೂದಿ ಹೆಂಗಸು, ನನ್ನದೇ ವಯಸ್ಸು. ಶನಿವಾರ ಶನಿವಾರ ಅವರ ದೇವಸ್ಥಾನಕ್ಕೆ ಹೋಗಿ ಶಾಸ್ತ್ರ ಕೇಳಿ ಬರುತ್ತಾಳೆ. ಒಂದು ಭಾನುವಾರ ಕಾಫಿಗೆ ಬಂದಾಗ, ಮಾತು ತಿರುಗಿಸಿ ಹೇಳಲು ಸುಮಾಳನ್ನು ನಡುವೆ ಕೂರಿಸಿಕೊಂಡು ಸಂಡಿಗೆ ಗೋಳು ಹೇಳಿಕೊಂಡೆ. ಅವಳು ಕೇಳಿಸಿಕೊಂಡು ಅವರ ಶಾಸ್ತ್ರದ ಕಥೆಯೊಂದು ತೆಗೆದಳು. ಗುಲಾಮಗಿರಿ ಬಿಡಿಸಿಕೊಂಡು ಬಂದ ಜನ ಹೊಸ ನಾಡಿನ ಬಾಗಿಲಿಗೆ ಬಂದರಂತೆ. ಒಳಗೆ ಹೇಗಿದೆ ನೋಡಿ ಬನ್ನಿ ಅಂತ ಕೆಲವರನ್ನು ಕಳಿಸಿದರೆ, ಅವರು ನಡುಗಿಕೊಂಡು ವಾಪಸ್ಸು. ಅಲ್ಲಿರುವವರೆಲ್ಲ ದೈತ್ಯರು, ಅವರ ಮುಂದೆ ನಾವು ನಮ್ಮ ಕಣ್ಣಿಗೇ ಮಿಡತೆ ಥರ ಕಂಡೆವು, ಅವರಿಗೂ ಹಾಗೇ ಕಂಡೆವು ಅಂದರಂತೆ.

“ಅವರಿಗೆ ಹೇಗೆ ಕಂಡರು ಅಂತ ಇವರಿಗೆ ಹೇಗೆ ಗೊತ್ತಾಯಿತು? ಹೋಗಿ ಕೇಳಿದರಾ?” ಅಂತ ಎಲೇನ್ ಮೇಜು ಕುಟ್ಟಿದಳು. ಆ ಹೆದರಿಕೆಗೆ ಎಲ್ಲರೂ ನಲವತ್ತು ವರ್ಷ ಮರಳುಗಾಡು ಸುತ್ತಿದರಂತೆ.

“ನಲವತ್ತು ವರ್ಷವಾ! ನನ್ನ ಹತ್ರ ಅಷ್ಟೆಲ್ಲ ಉಳಿದಿಲ್ಲ ಕಣೇ!” ಅಂದೆ.

“ಹಾಗಾದರೆ ಹೇಳು, ಸಂಡಿಗೆ ಹಾಕಬೇಡ ಅಂದವರು ಯಾರು?”

ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದ ಅಳಿಯನ ಮುಖ ನೋಡಿದೆ. ಅಳಿಯ ಕಾಫಿ ಲೋಟ ನೋಡಿದರು. “ಮೂಲೆ ಮನೆ ಅಂಕಲ್ ಹೇಳಿದ್ರು...” ಆ ಅಂಕಲ್‌ಗೆ ಹೇಳಿದವರು ಯಾರೋ, ದೇವರಿಗೇ ಗೊತ್ತು.

ಸಂಘದವರು ಯಾರೂ ಬೇಡ ಅಂದೇ ಇಲ್ಲ ಅಂತ ಗೊತ್ತಾಗಿ ನನಗೆ ಖುಷಿಯೋ ಖುಷಿ! ಮುಂದಿನ ಸಂಘದ ಮೀಟಿಂಗಿಗೆ ನಾನೇ ಹೋಗುತ್ತೇನೆ ಅಂದೆ. ಎಲೇನ್ ಇಂಗ್ಲಿಷ್ ಹೇಳಿಕೊಟ್ಟಳು, ನಾನು ಪಾತ್ರೆ ಒರೆಸುತ್ತಾ ಬಾಯಿಪಾಠ ಮಾಡಿದೆ. ಮೀಟಿಂಗಿನ ದಿನ ರೇಷ್ಮೆ ಸೀರೆ, ಮೇಲೆ ಸ್ವೆಟರ್. ಅಲ್ಲಿನ ಎಸಿ ಬಲು ಜೋರು.

ಅಧ್ಯಕ್ಷ ಎದ್ದು ನಿಂತ. ದೈತ್ಯ ಅಂದರೆ ದೈತ್ಯನೇ, ತಲೆ ಹೋಗಿ ಟ್ಯೂಬ್‌ಲೈಟಿಗೆ ತಾಗುವ ಹಾಗಿತ್ತು. ನಾನೂ ಎದ್ದೆ. “ಸರ್, ಸಂಡಿಗೆ!” ಅಂದೆ. ಉಳಿದದ್ದನ್ನು ಸುಮಾ ಬಿಡಿಸಿ ಹೇಳಿದಳು. ಅವನು ತಲೆ ಕೆರೆದುಕೊಂಡ. ಮುಂಬಾಗಿಲಲ್ಲಿ ಬಟ್ಟೆ ಒಣಹಾಕಬಾರದು, ಅಷ್ಟೇ. ಹಿತ್ತಲ ಡೆಕ್ಕಿನಲ್ಲಿ ತಿನ್ನೋ ಸಾಮಾನಾ? ಅದಕ್ಕೆ ರೂಲೇ ಇಲ್ಲ, ಇಲ್ಲಿಯವರೆಗೆ ಯಾರೂ ಕೇಳಲೂ ಇಲ್ಲ ಅಂದ.

“ಆಯ್ತಲ್ಲಮ್ಮ, ಕೂತ್ಕೋ,” ಅಂತ ಸುಮಾ ಸೆರಗು ಎಳೆದಳು.

“ಇರೇ, ಕಷ್ಟಪಟ್ಟು ಕಲ್ತಿದೀನಿ.” ಪೂರ್ತಿ ಹೇಳಿಯೇಬಿಟ್ಟೆ. “ದಿಸ್ ಫುಡ್! ಸನ್ ಫ್ರೀ! ವಾಟ್ ಪ್ರಾಬ್ಲಮ್?” ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಮೂಲೆ ಮನೆ ಅಂಕಲ್ ಮೆಲ್ಲಗೆ ಕೈ ಎತ್ತಿ, “ಹಪ್ಪಳಕ್ಕೂ ಓಕೆನಾ ಸರ್?” ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಮರುದಿನ ಬೆಳಿಗ್ಗೆಯೇ ಡೆಕ್ಕಿನ ತುಂಬ ಸಂಡಿಗೆ ಇಟ್ಟು, ಕೋಲು ಹಿಡಿದು ರಾಣಿಯ ಹಾಗೆ ಕುರ್ಚಿಯಲ್ಲಿ ಕೂತೆ. ಸಂಜೆ ಹೊತ್ತಿಗೆ ಸಂಡಿಗೆ ಒಣಗಿ ಗರಿಗರಿ ಆದಾಗ ಒಂದು ಅಳಿಲು ಬಂತು. ಇಲ್ಲಿನ ಅಳಿಲು ಬೆಕ್ಕಿನ ಮರಿಯಷ್ಟು ದಪ್ಪ. “ಏಯ್!” ಅಂದೆ. ಕೋಲು ಕುಟ್ಟಿದೆ. ಕಲಿತಿದ್ದ ಇಂಗ್ಲಿಷನ್ನೂ ಅಂದೆ. ಅದು ಹಿಂಗಾಲ ಮೇಲೆ ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಸಂಡಿಗೆ ಹಿಡಿದು, ನನ್ನ ಮುಖ ನೋಡುತ್ತಲೇ ಕರುಂ ಕರುಂ ಅಂತ ತಿಂದಿತು. ಅದಕ್ಕೆ ಯಾರು ಯಾವ ಶಾಸ್ತ್ರ ಓದಿ ಹೇಳಿದ್ದರೋ, ಇನ್ನೊಂದಕ್ಕೂ ಕೈ ಹಾಕಿತು.