ಸಾಣಾಪುರದಲ್ಲಿ ಸಿಡಿದ ಖಾಲಿ ಬಂದೂಕಿನ ಕುರಿತು

ಇನ್ನೂ ಹೆಸರಿಡದ ಚಲನಚಿತ್ರದ ಕಾರ್ಯಕಾರಿ ನಿರ್ಮಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ಗಂಗಾವತಿಯ ಗೃಹರಕ್ಷಕ ದಳದಲ್ಲಿ ಹದಿನೆಂಟು ವರ್ಷಗಳಿಂದ ಚುನಾವಣೆ, ಪರೀಕ್ಷೆ, ಮಂತ್ರಿಗಳ ಭೇಟಿ ಎಂದು ಬಂದೋಬಸ್ತು ಮಾಡಿಕೊಂಡು ಬಂದಿರುವ ಬಸವಣ್ಣೆಮ್ಮ ಎಂಬ ನಾನು, ಲಾಠಿಯನ್ನು ಗೋಡೆಗೆ ಒರಗಿಸಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ತಮಗೂ ತಮ್ಮ ತಂಡದ ನೂರಾ ಹತ್ತು ಮಂದಿಗೂ ಕ್ಷೇಮವನ್ನು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಸಾಣಾಪುರದ ಕೆರೆಯ ಬಳಿ ನಾನು ತಮ್ಮ ಚಿತ್ರೀಕರಣಕ್ಕೆ ಅಡ್ಡಿಪಡಿಸಿ ಕಲಾವಿದರ ಏಕಾಗ್ರತೆಗೆ ಭಂಗ ತಂದೆನೆಂದು ತಾವು ನಮ್ಮ ಮೇಲಧಿಕಾರಿಗಳಿಗೆ ಬರೆದ ದೂರಿನ ಪ್ರತಿ ನನ್ನ ಕೈ ಸೇರಿದೆ. ಅಡ್ಡಿಪಡಿಸಿದ್ದು ನಿಜ. ಆದರೆ ಅದರಲ್ಲಿ ತಾವು ಸಂಕೋಚದಿಂದ ಬರೆಯದೆ ಬಿಟ್ಟ ಕೆಲವು ಸಂಗತಿಗಳು ಜನರಿಗೆ ತಿಳಿಯದೆ ಹೋದರೆ ತಮ್ಮ ಕೀರ್ತಿಗೆ ಕುಂದಾದೀತೆಂಬ ಕಾಳಜಿಯಿಂದ ಬಹಿರಂಗವಾಗಿ ಉತ್ತರಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಸುರಕ್ಷತಾ ವ್ಯವಸ್ಥೆಗೆ ನನ್ನ ವಂದನೆಗಳು. ನಾಯಕನಟರ ಕೂದಲಿಗೆ ಒಬ್ಬರು, ಕನ್ನಡಿಗೆ ಒಬ್ಬರು, ನೆರಳಿಗೆ ಕೊಡೆ ಹಿಡಿದ ಇಬ್ಬರು ಇದ್ದರು. ಅವರ ಕಾಫಿ ಕಪ್ಪನ್ನು ಬೇರೆ ಯಾರೂ ಮುಟ್ಟಬಾರದೆಂದು ಅದಕ್ಕೊಂದು ಬೀಗದ ಪೆಟ್ಟಿಗೆ ಇತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಇಡೀ ತಂಡಕ್ಕೆ ಬಾಯಿಪಾಠವಾಗಿತ್ತು. ಬಂದೂಕಿಗೆ ಮಾತ್ರ ಯಾರೂ ಇರಲಿಲ್ಲ. ಅದು ಸ್ವಾಭಿಮಾನದಿಂದ ತನ್ನನ್ನು ತಾನೇ ನೋಡಿಕೊಳ್ಳಲೆಂದು ತಾವು ಬಿಟ್ಟಿರಬೇಕು.

ಬೆಂಗಳೂರಿನಿಂದ ತಂದ ಪ್ಲಾಸ್ಟಿಕ್ ಬಂದೂಕು ಕೊಪ್ಪಳದ ಬಿಸಿಲಲ್ಲಿ ಕಾರಿನ ಗಾಜಿನ ಹಿಂದೆ ಕುಳಿತು ಬರುವಷ್ಟರಲ್ಲಿ ನುಗ್ಗೆಕಾಯಿಯಂತೆ ಬಾಗಿತ್ತು. ನಾಯಕರು ಅದನ್ನು ಖಳನತ್ತ ಗುರಿಯಿಟ್ಟರೆ ಅದು ಅವರ ಚಪ್ಪಲಿಗೇ ನಮಸ್ಕಾರ ಮಾಡುತ್ತಿತ್ತು. ಆಗ ತಮ್ಮ ಪ್ರೊಡಕ್ಷನ್ ಮ್ಯಾನೇಜರ್ ತೌಸೀಫರು ಪಕ್ಕದ ಭತ್ತದ ಗದ್ದೆಯ ಕಳಕಪ್ಪನವರ ಮನೆಗೆ ಹೋಗಿ, ಊರಗೌಡನ ಪಾತ್ರ ಕೊಡಿಸುವುದಾಗಿ ಹೇಳಿ, ಹಂದಿ ಓಡಿಸಲು ಅವರು ಲೈಸನ್ಸ್ ಪಡೆದಿದ್ದ ಜೋಡುನಳಿಗೆಯ ಬಂದೂಕನ್ನು ತಂದರು. ಲೈಸನ್ಸು ಕಳಕಪ್ಪನವರ ಹೆಸರಲ್ಲಿತ್ತು. ಹಂದಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕಲೆಗೆ ಇಂಥ ಗಡಿಗಳಿಲ್ಲವೆಂದು ನಾನು ಅಂದು ಕಲಿತೆ.

“ಒಂದ್ ನಳಗಿ ತೋಟಾ ನಾನ ತಗದೀನ್ರಿ. ಇನ್ನೊಂದಕ್ಕ ನಾ ಹಾಕೋದ ಇಲ್ಲ,” ಎಂದು ಕಳಕಪ್ಪನವರು ಹೇಳಿ ಕೊಟ್ಟರಂತೆ. ಅಲ್ಲಿಂದ ಮುಂದೆ ಆ ಬಂದೂಕು ಕಂಡ ವೈಭವವನ್ನು ನಾನು ಕಣ್ಣಾರೆ ನೋಡಿದೆ. ಮೇಕಪ್ಪಿನ ಸುರೇಖಾ ಅದಕ್ಕೆ ಎರಡು ವಿಗ್ಗು ನೇತುಹಾಕಿ ಒಣಗಿಸಿದರು. ಅಡುಗೆಯ ಅಬ್ದುಲರೌಫರು ತಗ್ಗಿದ ಶಾಮಿಯಾನಕ್ಕೆ ಅದನ್ನು ಊರುಗೋಲಾಗಿ ಕೊಟ್ಟು, ಅದರ ನೆರಳಲ್ಲೇ ಇಪ್ಪತ್ತು ಜನರಿಗೆ ಉಪ್ಪಿಟ್ಟು ಬಡಿಸಿದರು. ಕಲಾ ವಿಭಾಗದವರು ಬೆಳ್ಳಿಬಣ್ಣ ಬಳಿದರು. ಪ್ರತಿಯೊಬ್ಬರೂ ಅದನ್ನು ಹೆಗಲಿಗೇರಿಸಿ ಫೋಟೋ ತೆಗೆಸಿಕೊಂಡರು. ಅಷ್ಟು ಕೈ ದಾಟಿದರೂ ಒಂದು ಕೈಯೂ ಅದನ್ನು ಮುರಿದು, ಅಂದರೆ ಕೀಲಿನಲ್ಲಿ ನಳಿಗೆ ಬಗ್ಗಿಸಿ ತೆರೆದು, ಒಳಗೆ ನೋಡಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ದೃಶ್ಯ. ಸಾಣಾಪುರದ ಕುರಿಗಾರ ಮುದಿಯಪ್ಪನವರು ಒತ್ತೆಯಾಳು. ಖಳನಟರು ಅವರ ಎದೆಗೆ ನಳಿಗೆ ಇಟ್ಟು ಬಂದೂಕಿನ ಕುದುರೆ ಒತ್ತುವುದು, ಅವರು ಸಾಯುವುದು, ಶಬ್ದವನ್ನು ಆಮೇಲೆ ಬೆಂಗಳೂರಲ್ಲಿ ಸೇರಿಸುವುದು ಎಂದು ಏರ್ಪಾಟಾಗಿತ್ತು. ‘ಕಟ್’ ಎನ್ನುವವರೆಗೆ ಎದ್ದೇಳಬಾರದೆಂದು ನಿರ್ದೇಶಕರು ಬೆಳಗಿನಿಂದ ಆರು ಸಲ ಹೇಳಿಕೊಟ್ಟಿದ್ದರು. ಜನರನ್ನು ತಡೆಯಲು ಕಟ್ಟಿ ನನ್ನನ್ನು ಕಾವಲಿಟ್ಟಿದ್ದ ಹಗ್ಗದಾಚೆ ನನ್ನ ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಹಂಪವ್ವನವರು, “ಅವ್ವಾ, ಆ ಬಂದೂಕು ಆಟದ್ದಲ್ಲಲ್ಲ?” ಎಂದು ಕೇಳಿದರು. ಹೋಗಿ ತೌಸೀಫರನ್ನು ಕೇಳಿದೆ. ಖಾಲಿ ಎಂದು ಕಳಕಪ್ಪನವರು ಹೇಳಿದ್ದಾರೆಂದರು. ಕಲಾ ವಿಭಾಗದವರು, ಖಾಲಿ ಎಂದು ತೌಸೀಫರು ಹೇಳಿದ್ದಾರೆಂದರು. ನಿರ್ದೇಶಕರು, ಅದು ಕಲಾ ವಿಭಾಗದ ವಿಷಯವೆಂದರು. ತರಬೇತಿಯಲ್ಲಿ ನಮಗೆ ಕಲಿಸಿದ್ದು ಒಂದೇ: ಬಂದೂಕು ಖಾಲಿ ಎಂಬುದು ಕೇಳಿ ನಂಬುವ ಮಾತಲ್ಲ, ಕಣ್ಣಿಂದ ನೋಡುವ ಮಾತು. ಮುರಿದು ತೋರಿಸಿ ಎಂದೆ. ಕೀಲಿನ ಮೇಲಿನ ಬೆಳ್ಳಿಬಣ್ಣ ಬಿರಿಯುತ್ತದೆ, ಆಗದು ಎಂದರು.

ಆಗ ನಾನು ಹಗ್ಗ ದಾಟಿ ಹೋಗಿ ಮುದಿಯಪ್ಪನವರ ಮುಂದೆ ನಿಂತೆ. ತಾವು ಭಂಗ ಎಂದು ಬರೆದಿರುವುದು ಇದನ್ನೇ.

“ಅಮ್ಮಾ, ಬಿಸಿಲು ಹೋಗ್ತಾ ಇದೆ, ಫ್ರೇಮಿಂದ ಆಚೆ ಬನ್ನಿ. ನಮ್ಮ ಮೇಲೆ ನಂಬಿಕೆ ಇಲ್ವಾ?” ಎಂದು ತಾವು ಕುರ್ಚಿಯಿಂದಲೇ ಮೈಕಿನಲ್ಲಿ ಕೇಳಿದಿರಿ.

“ನಂಬಿಕಿ ಭಾಳ ಐತ್ರಿ ಸಾಹೇಬ್ರ. ಹಂಗಾದ್ರ ಇವರ ಎದಿ ಬದಲು ನಿಮ್ಮ ಎದೀಗೆ ಹಿಡೀರಿ, ನಾ ಸರೀತೀನಿ,” ಎಂದೆ.

ತಾವು ಎದ್ದು ಬಂದಿರಿ. ಎದೆಯ ವಿಷಯವನ್ನು ಎತ್ತದೆ, ಖಳನಟರ ಕೈಯಿಂದ ಬಂದೂಕು ಕಸಿದು, ನಮ್ಮ ಅಜ್ಞಾನ ಕಳೆಯಲೆಂದು ತಮ್ಮ ಖಾಲಿ ಕುರ್ಚಿಗೇ ಗುರಿಯಿಟ್ಟಿರಿ. ಕುರ್ಚಿಯ ಹಿಂದೆ ಗದ್ದೆಯ ಬದುವಿನ ಮೇಲೆ ಕುಳಿತಿದ್ದ ಹನ್ನೊಂದು ಜನರನ್ನು ನಾನು ಲಾಠಿ ಬೀಸಿ ಎಬ್ಬಿಸಿ ಓಡಿಸಿದೆ. ಮೊದಲ ಕುದುರೆ ಒತ್ತಿದಿರಿ. ಟಿಕ್ ಎಂದಿತು. ಜನ ನಕ್ಕರು, ತಾವೂ ನನ್ನತ್ತ ನೋಡಿ ನಕ್ಕಿರಿ. ಆ ನಗುವಿನಲ್ಲೇ ಎರಡನೆಯದನ್ನು ಒತ್ತಿದಿರಿ.

ಆ ಶಬ್ದವನ್ನು ಬೆಂಗಳೂರಿನಲ್ಲಿ ಸೇರಿಸುವ ಅಗತ್ಯವಿರಲಿಲ್ಲ. ಕುರ್ಚಿ ಎರಡು ಪಲ್ಟಿ ಹೊಡೆದು ಬದುವಿಗೆ ಬಿತ್ತು. ತಮ್ಮ ಹುದ್ದೆಯ ಹೆಸರು ಬರೆದಿದ್ದ ಬಟ್ಟೆ ಹಿಟ್ಟು ಸೋಸುವ ಜರಡಿಯಂತಾಯಿತು. ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ತಾವು ಕೆಸರುಗದ್ದೆಯಲ್ಲಿ ಅತ್ಯಂತ ಗಾಂಭೀರ್ಯದಿಂದ ಕುಳಿತುಬಿಟ್ಟಿರಿ. ಮುದಿಯಪ್ಪನವರ ಕುರಿಗಳು ಆನೆಗೊಂದಿಯ ದಾರಿ ಹಿಡಿದವು. ನಾಯಕರು ಕ್ಯಾರವಾನಿನ ಕೆಳಗೆ ಹೋದರು, ಅವರ ಹಿಂದೆಯೇ ಕೊಡೆಯವರಿಬ್ಬರೂ ಕೊಡೆ ಮಡಚದೆಯೇ ನುಗ್ಗಿದರು.

ಇದೆಲ್ಲದರ ನಡುವೆ ಮುದಿಯಪ್ಪನವರು ನೆಲದ ಮೇಲೆ ಬಿದ್ದಿದ್ದರು, ಅಲುಗಾಡುತ್ತಿರಲಿಲ್ಲ. ಬಂದೂಕು ಆ ಕಡೆ ಇತ್ತು, ಇವರು ಈ ಕಡೆ ಇದ್ದರು, ಲೆಕ್ಕ ಕೂಡಲಿಲ್ಲ. ಆದರೆ ಅಂಥ ಹೊತ್ತಲ್ಲಿ ಯಾರು ಲೆಕ್ಕ ಮಾಡುತ್ತಾರೆ? ಹಂಪವ್ವನವರು ಹಗ್ಗದ ಕೆಳಗೆ ನುಸುಳಿ, ಸೆರಗು ಜಾರಿದ್ದರ ಅರಿವಿಲ್ಲದೆ ಓಡಿ ಬಂದು ಗಂಡನ ಎದೆಯ ಮೇಲೆ ಎರಡೂ ಕೈ ಇಟ್ಟರು. ಆಗ ಸತ್ತವರು ತುಟಿ ಅಲುಗಿಸದೆ ಹೇಳಿದರು: “ಸುಮ್ಮಕಿರು, ಇನ್ನಾ ಕಟ್ ಅಂದಿಲ್ಲ.”

ಹಂಪವ್ವನವರು ಅವರಿಗೆ ಕೊಟ್ಟ ಏಟು ಬಂದೂಕಿನ ಶಬ್ದಕ್ಕೇನೂ ಕಡಿಮೆಯಿರಲಿಲ್ಲ. ಆಮೇಲೆ ಅಲ್ಲೇ ಕುಳಿತು ಅವರ ತಲೆಯನ್ನು ಮಡಿಲಿಗೆಳೆದುಕೊಂಡು ಬಹಳ ಹೊತ್ತು ಅತ್ತರು. “ನಾ ಸತ್ತಿಲ್ಲಲ್ಲ, ಯಾಕ ಅಳತಿ?” ಎಂದು ಮುದಿಯಪ್ಪನವರು ಕೇಳುತ್ತಲೇ ಇದ್ದರು. ದೂರು ಬರೆಯುವಾಗ ಆ ಹತ್ತು ನಿಮಿಷ ತಮಗೆ ನೆನಪಿಗೆ ಬಾರದಿದ್ದದ್ದು ಸಹಜ. ಆಗ ತಾವು ಕಿವಿಯಿಂದ ಕೆಸರು ತೆಗೆಯುತ್ತಿದ್ದಿರಿ.

ನಾನು ಬಂದೂಕನ್ನು ಮುರಿದು, ಸುಟ್ಟ ತೋಟಾ ತೆಗೆದು, ಎರಡನ್ನೂ ಠಾಣೆಗೆ ಒಪ್ಪಿಸಿದೆ. ಬಣ್ಣ ಬಿರಿಯಿತು, ಕ್ಷಮೆಯಿರಲಿ. ಕಳಕಪ್ಪನವರು ವಿಚಾರಣೆಯಲ್ಲಿ, “ಹಾಕೋದಿಲ್ಲ ಅಂತ ಅಂದಿದ್ದೆ, ಹಾಕಿಲ್ಲ ಅಂತ ಎಲ್ಲಿ ಅಂದೀನ್ರಿ?” ಎಂದರಂತೆ, ಸದ್ಯ ಲೈಸನ್ಸ್ ಅಮಾನತಾಗಿ ಡಬ್ಬಿ ಬಾರಿಸಿ ಹಂದಿ ಓಡಿಸುತ್ತಿದ್ದಾರೆ.

ತಮ್ಮಂಥ ದೊಡ್ಡವರಲ್ಲಿ ನನ್ನದೊಂದು ಅಸಾಧ್ಯ ಕೋರಿಕೆ. ಬಂದೂಕಿಗೂ ಕಾಫಿ ಕಪ್ಪಿನಷ್ಟು ಮರ್ಯಾದೆ ಕೊಡಬೇಕು: ಅದಕ್ಕೂ ಒಂದು ಪೆಟ್ಟಿಗೆ, ಒಂದು ಬೀಗ, ಹೆಸರು ಹಿಡಿದು ಕೇಳಬಹುದಾದ ಒಬ್ಬ ಮನುಷ್ಯ. ಯಾರತ್ತ ಅದನ್ನು ಹಿಡಿಯುವಿರೋ ಅವರಿಗೆ ಮೊದಲು ಮುರಿದು ತೋರಿಸಬೇಕು, ಆಮೇಲೆ ಅವರ ಹೆಂಡತಿಗೂ ತೋರಿಸಬೇಕು.

ನಮ್ಮ ಸಾಹೇಬರು ತಮ್ಮ ದೂರನ್ನೂ ನನ್ನ ವಿವರಣೆಯನ್ನೂ ಓದಿ, ಕಿಟಕಿಯತ್ತ ಮುಖ ತಿರುಗಿಸಿ, ಬಹಳ ಹೊತ್ತು ಭುಜ ಕುಲುಕಿಸುತ್ತ ಕುಳಿತಿದ್ದರು. ಬಳಿಕ ಗಂಟಲು ಸರಿಪಡಿಸಿಕೊಂಡು, ಹೇಮಗುಡ್ಡದಲ್ಲಿ ನಡೆಯುವ ತಮ್ಮ ಮುಂದಿನ ಚಿತ್ರೀಕರಣಕ್ಕೆ ನನ್ನನ್ನೇ ನೇಮಿಸಿದ್ದಾರೆ. ಸೋಮವಾರ ಬೆಳಿಗ್ಗೆ ಏಳಕ್ಕೆ ತಮ್ಮ ಏಕಾಗ್ರತೆಯ ಸೇವೆಗೆ ಹಾಜರಿರುತ್ತೇನೆ.

ಹಗ್ಗದ ಈಚೆಯಿಂದ, ಬೇಕಾದರೆ ಆಚೆಯಿಂದಲೂ,
ತಮ್ಮ ವಿಶ್ವಾಸಿ,
ಬಸವಣ್ಣೆಮ್ಮ
ಗೃಹರಕ್ಷಕಿ, ಗಂಗಾವತಿ

ವಿ.ಸೂ.: ಹೇಮಗುಡ್ಡದಲ್ಲಿ ಜೀಪು ಸ್ಫೋಟಿಸುವ ದೃಶ್ಯವಿದೆಯೆಂದೂ, ಬಾಂಬು ನಕಲಿಯಾದ್ದರಿಂದ ಯಾರೂ ಹೆದರಬೇಕಿಲ್ಲವೆಂದೂ ತಮ್ಮ ಕಚೇರಿಯ ಪತ್ರ ಬಂದಿದೆ. ಅದರೊಂದಿಗಿನ ನಮೂನೆಯಲ್ಲಿ ‘ಪರಿಶೀಲಿಸಿದವರು, ಸ್ಫೋಟದ ವೇಳೆ ಜೀಪಿನ ಪಕ್ಕದಲ್ಲಿ ನಿಲ್ಲುವವರು’ ಎಂಬ ಕಾಲಂ ಖಾಲಿ ಇತ್ತು. ತಮ್ಮ ಹೆಸರನ್ನೇ ದುಂಡಗೆ ಬರೆದು ಕಳಿಸಿದ್ದೇನೆ. ದಯವಿಟ್ಟು ಸಹಿ ಮಾಡಿ.