ನಿಗದಿತ ನಮೂನೆಯ ನಿವೇಶನ

2023ರ ಜೂನ್ 12, ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಸವಕಲ್ಯಾಣದ ನಿವೇಶನ ದೃಶ್ಯ ಪರಿಶೀಲನಾ ಕಚೇರಿಯಲ್ಲಿ, ಜಯಮಾಲಾ ಅವರ ನಿವೇಶನ ಟಿವಿಯಲ್ಲಿ ಕಾಣಿಸಲಿಲ್ಲ.

ಅಧಿಕಾರಿಗಳು ಬಿಸಿಲಲ್ಲಿ ಹೋಗಿ ಜಾಗ ಅಳೆಯುವುದನ್ನು ತಪ್ಪಿಸಲೆಂದೇ ಈ ಕಚೇರಿ ಸ್ಥಾಪನೆಯಾಗಿದೆ. ಕಟ್ಟಡ ಪರವಾನಗಿ ಬೇಕಾದ ಅರ್ಜಿದಾರರು ನಿವೇಶನದಲ್ಲಿ ಐದು ಅಡಿಯ ಕೋಲು ನಿಲ್ಲಿಸಿ ವಿಡಿಯೊ ತೆಗೆದು ತರಬೇಕು. ಅಧಿಕಾರಿ ಟಿವಿ ಪರದೆಯ ಮೇಲೆ ಸ್ಕೇಲಿಟ್ಟು ಮೊದಲು ಕೋಲಿನ ಎತ್ತರ, ನಂತರ ಜಾಗದ ಅಗಲ ಅಳೆದು ಲೆಕ್ಕ ಹಾಕುತ್ತಾರೆ. ವಿಧಾನ ವೈಜ್ಞಾನಿಕವಾಗಿದೆ. ಟಿವಿ ಮತ್ತು ಡಿವಿಡಿ ಪ್ಲೇಯರ್ 2006ರವು.

ಜಯಮಾಲಾ ಬ್ಲೌಸ್ ಹೊಲಿಯುತ್ತಾರೆ. ಅವರ ಜಾಗದ ಅಗಲ ನಲವತ್ತು ಅಡಿ. ಮೂವತ್ತರಲ್ಲಿ ಮನೆ, ಹತ್ತರಲ್ಲಿ ಹೊಲಿಗೆ ಅಂಗಡಿ ಎಂಬುದು ಯೋಜನೆ. ಈಗಿನ ಬಾಡಿಗೆ ಅಂಗಡಿಯನ್ನು ದೀಪಾವಳಿಯೊಳಗೆ ಖಾಲಿ ಮಾಡಬೇಕಿತ್ತು.

ಅವರು ಫೋನಿನಲ್ಲಿ ತೆಗೆದ ವಿಡಿಯೊವನ್ನು ಡಿಸ್ಕಿಗೆ ಹಾಕಿಸಿ ತಂದಿದ್ದರು. ಟಿವಿಯಲ್ಲಿ ಒಂದೇ ಸಾಲು ಮೂಡಿತು: ಅನ್‌ಸಪೋರ್ಟೆಡ್ ಫಾರ್ಮ್ಯಾಟ್. ಪರಿಶೀಲನಾಧಿಕಾರಿ ಶ್ರೀಮಂತ ಅವರು ಅರ್ಜಿಯನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಫಾರ್ಮ್ಯಾಟ್ ತಪ್ಪದ ಅಂತ ಮಷೀನೇ ಹೇಳಾಕತ್ತದ. ಹೊಸಾ ಫಾರಂ ತುಂಬ್ರಿ."

"ಅರ್ಜೀದಲ್ರಿ ಸಾಹೇಬ್ರ, ವಿಡಿಯೊದ ಫಾರ್ಮ್ಯಾಟ್ ಅದು."

"ಕಚೇರಿಗೆ ಬರೂದು ಅರ್ಜೀನೋ, ವಿಡಿಯೊನೋ?"

ಜಯಮಾಲಾ ಹೊಸ ಫಾರಂ ತುಂಬಿದರು. ಅದೇ ಡಿಸ್ಕನ್ನು ಮತ್ತೆ ಹಾಕಲಾಯಿತು. ಅದೇ ಸಾಲು ಮೂಡಿತು. ಮೂರು ಫಾರಂಗಳ ನಂತರ ಹಿಂಬರಹ ನೀಡಲಾಯಿತು: "ಅರ್ಜಿದಾರರು ನಿಗದಿತ ನಮೂನೆಯಲ್ಲಿ ಇರುವುದಿಲ್ಲ."

ವಿಡಿಯೊದ ನಮೂನೆ ಬದಲಿಸುವವರು ಹುಮನಾಬಾದದಲ್ಲಿದ್ದರು. ಬಂದೇನವಾಜ್ ಅವರದು ಮದುವೆ ವಿಡಿಯೊಗಳ ಅಂಗಡಿ. ಅವರು ಫೋನ್ ನೋಡಿ ತಲೆ ಆಡಿಸಿದರು.

"ಅಕ್ಕಾ, ನಿಮ್ಮ ಚಿತ್ರ ಅಗಲ ಅದ, ಅವರ ಟಿವಿ ಚೌಕ ಅದ. ಹಾಂಗೇ ಇಟ್ಟರ ಮ್ಯಾಲ ಕೆಳಗ ಖಾಲಿ ಪಟ್ಟಿ ಬರ್ತದ."

"ಬರಲಿ ಬಿಡ್ರಿ ಭಾಯಿ. ಖಾಲಿ ಪಟ್ಟಿ ಏನ್ ಮಾಡ್ತದ?"

ಬಂದೇನವಾಜ್ ಗೋಡೆಗೆ ಅಂಟಿಸಿದ್ದ ಆ ಕಚೇರಿಯ ಸುತ್ತೋಲೆ ತೋರಿಸಿದರು. ನಿಯಮ 7: "ಪರದೆಯ ಮೇಲೆ ಕಂಡುಬರುವ ಖಾಲಿ ಜಾಗವನ್ನು ಸರ್ಕಾರಿ ಜಾಗವೆಂದು ಪರಿಗಣಿಸಲಾಗುವುದು."

"ಬ್ಯಾರೆ ದಾರಿ ಇಲ್ಲೇನ್ರಿ?"

"ಎರಡೂ ಬಾಜೂಲಿಂದ ಒತ್ತಬೇಕು. ಪರದೆ ತುಂಬ್ತದ. ಮಂದಿ ಜರಾ ತೆಳ್ಳಗ ಕಾಣ್ತಾರ, ಅಷ್ಟೇ."

"ಒತ್ರಿ."

ಎತ್ತರ ಹಾಗೆಯೇ ಉಳಿಯಿತು. ಅಗಲ ನಾಲ್ಕರಲ್ಲಿ ಮೂರು ಪಾಲಾಯಿತು.

ಜೂನ್ 19ರಂದು ಡಿಸ್ಕ್ ಓಡಿತು. ವಿಡಿಯೊದಲ್ಲಿ ಕೋಲು ಹಿಡಿದು ನಿಂತವರು ಜಯಮಾಲಾ ಅವರ ಅತ್ತೆ ಮೀರಾಬಾಯಿ. ಸಾಕ್ಷಿಯಾಗಿ ಅವರೂ ಕಚೇರಿಗೆ ಬಂದಿದ್ದರು. ಶ್ರೀಮಂತ ಅವರು ಸ್ಕೇಲಿಟ್ಟರು. ಕೋಲು ಐದು ಅಡಿ. ನಿವೇಶನ ಮೂವತ್ತು ಅಡಿ.

"ನಲವತ್ತ್ ಅದರಿ!" ಜಯಮಾಲಾ ಕೊರಳಲ್ಲಿದ್ದ ಟೇಪ್ ಕೈಗೆ ತೆಗೆದುಕೊಂಡರು. "ಇಲ್ಲಿಂದ ಎರಡು ಫರ್ಲಾಂಗ್. ನಡೀರಿ, ಈಗೇ ಅಳದು ತೋರಸ್ತೀನಿ."

"ಬ್ಲೌಸಿನ ಟೇಪಿಲೆ ಜಾಗ ಅಳೀತಾರೇನ್ರಿ ಬಾಯಿ?"

"ನೀವು ಸ್ಕೇಲಿಲೆ ಟಿವಿ ಅಳೀಲಿಲ್ಲೇನ್ರಿ?"

"ಅದಕ್ಕ ಆದೇಶ ಅದ."

"ಚಿತ್ರ ಒತ್ಯಾರ್ರಿ ಸಾಹೇಬ್ರ. ನಮ್ಮ ಅತ್ತಿನ್ನ ನೋಡ್ರಿ, ಟಿವ್ಯಾಗಿನ ಅತ್ತಿನ್ನ ನೋಡ್ರಿ. ಇಬ್ರೂ ಒಂದೇ ಅದಾರೇನು, ಖರೇ ಹೇಳ್ರಿ."

ಶ್ರೀಮಂತ ಅವರು ಕುರ್ಚಿಯನ್ನು ತುಂಬಿ ಕುಳಿತಿದ್ದ ಮೀರಾಬಾಯಿಯವರನ್ನು ನೋಡಿದರು. ಪರದೆಯ ಮೀರಾಬಾಯಿಯವರನ್ನೂ ನೋಡಿದರು. ನಿಯಮದಂತೆ ಸಾಕ್ಷಿಯನ್ನೇ ಕೇಳಿದರು.

"ಅವ್ವಾ, ಅದು ನೀವೇ ಏನ್ರಿ?"

ಮೀರಾಬಾಯಿ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ನಾನೇ ಹೌದ್ರಿ. ಈ ಸೊಸಿನೇ ದಿನಾ ದಪ್ಪ ಆಗೀರಿ, ಅನ್ನ ಬಿಡ್ರಿ ಅಂತಾಳ. ಮಷೀನ್ ಸುಳ್ಳ ಹೇಳ್ತದೇನು?"

ವಿಡಿಯೊ ನೈಜವಾಗಿದೆಯೆಂದು ಸಾಕ್ಷಿ ಹೇಳಿದ್ದನ್ನು ದಾಖಲಿಸಿಕೊಳ್ಳಲಾಯಿತು. ಮೂವತ್ತು ಅಡಿಗೆ ಪರವಾನಗಿ ಮಂಜೂರಾಯಿತು. ನೆಲದ ಮೇಲೆ ಇದ್ದು ಪರದೆಯ ಮೇಲೆ ಇಲ್ಲದ ಹತ್ತು ಅಡಿಯನ್ನು "ಹೆಚ್ಚುವರಿ" ಎಂದು ಘೋಷಿಸಿ, ತಂತಿ ಎಳೆದು, ಬಾಡಿಗೆಗೆ ಕೊಡಲಾಗುವುದೆಂದು ಫಲಕ ನಿಲ್ಲಿಸಲಾಯಿತು. ಪಕ್ಕದ ಜಾಗದವರಿಗೆ ಆದ್ಯತೆ ಎಂದೂ ಅದರಲ್ಲಿತ್ತು. ಜಯಮಾಲಾ ಅದೃಷ್ಟವಂತೆ ಎಂದು ಓಣಿಯವರು ಅಂದುಕೊಂಡರು.

ದೀಪಾವಳಿಗೆ ನಾಲ್ಕು ತಿಂಗಳೂ ಉಳಿದಿರಲಿಲ್ಲ. ಜಯಮಾಲಾ ಅಂಗಡಿಗಾಗಿ ಆ ಹತ್ತು ಅಡಿಯನ್ನು ಬಾಡಿಗೆಗೆ ಕೋರಿ ಅರ್ಜಿ ಹಾಕಿದರು. ಈ ಸಲ ಅವರು ಯಾವ ತಪ್ಪನ್ನೂ ಮಾಡಲಿಲ್ಲ. ವಿಡಿಯೊ ತೆಗೆದು ಮೊದಲು ಹುಮನಾಬಾದಕ್ಕೇ ಹೋದರು. ಬಂದೇನವಾಜ್ ಏನೂ ಕೇಳದೆ ಒತ್ತಿ ಕೊಟ್ಟರು. ಮೀರಾಬಾಯಿ ಹೊಸ ಸೀರೆಯುಟ್ಟು ಕೋಲು ಹಿಡಿದಿದ್ದರು.

ಆಗಸ್ಟ್ 7ರಂದು ಡಿಸ್ಕ್ ಮೊದಲ ಸಲಕ್ಕೇ ಓಡಿತು. ಅರ್ಜಿದಾರರು ನಿಗದಿತ ನಮೂನೆಯಲ್ಲಿದ್ದಾರೆಂದು ಶ್ರೀಮಂತ ಅವರು ಮೆಚ್ಚುಗೆ ಸೂಚಿಸಿದರು. ಬಾಡಿಗೆ, ಘೋಷಿಸಿದ್ದ ಹತ್ತು ಅಡಿಗೇ ನಿಗದಿಯಾಯಿತು. ಜಯಮಾಲಾ ಸಹಿ ಮಾಡಿದರು. ಪರದೆಯ ಮೇಲೆ ಅಳೆದು ಕೊಟ್ಟ ಅಂಗಡಿಯ ಅಗಲ ಏಳೂವರೆ ಅಡಿ.